ಟೊಂಕಕ್ಕೆ ಸ್ಕ್ರೂ ಬಂದ ಕಥೆ

ಕೊಪ್ಪಳದ ಸಂತೆಯಲ್ಲೋ ಗಂಗಾವತಿಯ ಬಸ್‌ಸ್ಟ್ಯಾಂಡಿನಲ್ಲೋ ಇಂಥ ಹಿರಿಯರನ್ನು ನೀವು ನೋಡಿಯೇ ಇರುತ್ತೀರಿ. ಸ್ವಲ್ಪ ದೂರ ನಡೆದರೆ ಸಾಕು, ತೊಡೆ ಸೆಳೆಯುತ್ತದೆ, ಕಾಲು ಜೋಮು ಹಿಡಿಯುತ್ತದೆ. ಕಟ್ಟೆಯ ಮೇಲೆ ಮುಂದಕ್ಕೆ ಬಾಗಿ ಕೂತರೆ ಹಗುರಾಗುತ್ತದೆ. ಅದೇ ಮನುಷ್ಯ ಸೈಕಲ್ ಹತ್ತಿದರೆ ಆರಾಮಾಗಿ ಊರು ಮುಟ್ಟುತ್ತಾನೆ! ಬಾಗಿದಾಗ ಟೊಂಕದೊಳಗಿನ ನರದ ದಾರಿ ತುಸು ಅಗಲವಾಗುತ್ತದೆ, ನೆಟ್ಟಗೆ ನಿಂತಾಗ ಕಿರಿದಾಗುತ್ತದೆ, ಅಷ್ಟೇ.

ಇದನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿದವರು ಹಾಲೆಂಡಿನ ಉಟ್ರೆಕ್ಟ್ ನಗರದ ಹೆಂಕ್ ವರ್ಬೀಸ್ಟ್. ನನಗೆ ಬಹಳ ಪ್ರೀತಿಯ ವೈದ್ಯರು. ನಡೆದಾಗ ಕಾಲು ನೋಯುತ್ತದೆಂದರೆ ರಕ್ತನಾಳದ ದೋಷ ಎನ್ನುವ ಕಾಲ ಅದು. ಇವರು ರೋಗಿಯ ಮಾತನ್ನು ನಂಬಿದರು, ಬೆನ್ನುಮಣಿಯ ಹಿಂಬದಿಯ ಎಲುಬು ತೆಗೆದು ಒಳಗೆ ನೋಡಿದರು. ನರಗಳು ಇಕ್ಕಟ್ಟಿನಲ್ಲಿ ಒತ್ತಿಕೊಂಡಿದ್ದವು. 1954ರಲ್ಲಿ ಅದನ್ನು ವಿವರವಾಗಿ ಬರೆದರು. ಅಷ್ಟಕ್ಕೇ ಬಿಡಲಿಲ್ಲ. ಆಪರೇಷನ್ ನಡೆದಿರುವಾಗಲೇ ದಾರಿಯ ಅಗಲ ಅಳೆಯಲು ಉಪಕರಣವನ್ನೇ ಮಾಡಿಸಿದರು. ಹಿಂದುಮುಂದಿನ ಅಳತೆ 10 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ ಇದ್ದರೆ ಪೂರ್ತಿ ಇಕ್ಕಟ್ಟು, 10ರಿಂದ 12 ಇದ್ದರೆ ಅಂಚಿನದು ಎಂದರು. ದಾರಿ ಬಿಡಿಸುವುದು, ಅದೇ ಅವರ ಮದ್ದು.

ಬೆನ್ನು ಬಿಗಿಯುವ ವಿದ್ಯೆ ಹುಟ್ಟಿದ್ದು ಬೇರೆ ರೋಗಕ್ಕೆ. 1911ರಲ್ಲಿ ನ್ಯೂಯಾರ್ಕಿನ ಹಿಬ್ಸ್ ಮತ್ತು ಆಲ್ಬೀ ಕ್ಷಯ ತಗುಲಿದ ಬೆನ್ನಿನಲ್ಲಿ ಎಲುಬಿಗೆ ಎಲುಬು ಬೆಸೆದರು. ಪೋಲಿಯೋದಿಂದ ಡೊಂಕಾದ ಮಕ್ಕಳ ಬೆನ್ನಿಗೆ ಟೆಕ್ಸಾಸಿನ ಹ್ಯಾರಿಂಗ್ಟನ್ ಉಕ್ಕಿನ ರಾಡ್ ತಂದರು. ಪ್ಯಾರಿಸಿನ ರೋಯ್-ಕಮೀಲ್ 1960ರ ದಶಕದಲ್ಲಿ ಬೆನ್ನುಮಣಿಯ ಎರಡೂ ಪಕ್ಕದ ಕಂಬದೊಳಗೆ ಸ್ಕ್ರೂ ಇಳಿಸಿದರು. ಆಮೇಲೆ ಮಣಿಗಳ ನಡುವೆ ಇಡುವ ಪಂಜರ, ಹಿಂಬದಿಯ ಮುಳ್ಳುಗಳ ನಡುವೆ ಸಿಕ್ಕಿಸುವ ಬೆಣೆ, ತುಸು ಬಳುಕುವ ಬಿಗಿತ, ಒಂದರ ಹಿಂದೊಂದು ಬಂದವು. ನರದ ದಾರಿ ಇಕ್ಕಟ್ಟಾದ ಟೊಂಕಕ್ಕೂ ಅವನ್ನು ಹಾಕತೊಡಗಿದರು.

ನನ್ನ ಬೇಸರ ಇಲ್ಲಿದೆ. ಸ್ಕ್ರೂ ಓಡಿದಷ್ಟು ಬೇಗ ಪರೀಕ್ಷೆ ಓಡಲಿಲ್ಲ. 2016ರಲ್ಲಿ ಸ್ವೀಡನ್ನಿನ ವೈದ್ಯರು ಇಂಥ ಇಕ್ಕಟ್ಟಿನ 247 ಜನರ ಫಲಿತಾಂಶ ಪ್ರಕಟಿಸಿದರು. ಬರೀ ದಾರಿ ಬಿಡಿಸಿದವರೂ, ಅದರ ಜೊತೆಗೆ ಬೆಸೆಸಿಕೊಂಡವರೂ ಎರಡು ವರ್ಷದ ಮೇಲೆ ಹೆಚ್ಚುಕಡಿಮೆ ಒಂದೇ ಥರ ಇದ್ದರು. ಅದೇ ವರ್ಷ ಅಮೆರಿಕದ 66 ಜನರ ಅಧ್ಯಯನ, ಇಕ್ಕಟ್ಟಿನ ಜೊತೆಗೆ ಒಂದು ಮಣಿ ಇನ್ನೊಂದರ ಮೇಲೆ ಜಾರಿದವರಲ್ಲಿ ಬೆಸುಗೆಯಿಂದ ತುಸು ಲಾಭ ಕಂಡಿತು.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಇನ್ನೊಂದು ಸಂಕಟವಿದೆ. ಕುಷ್ಟಗಿ, ಯಲಬುರ್ಗಾ ಭಾಗದ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಎಲುಬು ದಟ್ಟವಾಗಬಹುದು, ಮಣಿಗಳನ್ನು ಕಟ್ಟಿದ ನಾರುಗಳೇ ಗಟ್ಟಿಯಾಗಿ ನರದ ದಾರಿಯನ್ನು ಒತ್ತಬಹುದು. 1937ರಲ್ಲೇ ವೈದ್ಯರು ನೆಲ್ಲೂರಿನ ಹಳ್ಳಿಗರಲ್ಲಿ ಈ ಫ್ಲೋರೈಡ್ ರೋಗವನ್ನು ಗುರುತಿಸಿ ಬರೆದಿದ್ದರು. ಅಂಥ ಬೆನ್ನು ತಾನೇ ಬಿಗಿದು ಸೆಟೆದಿರುತ್ತದೆ. ಅದರಲ್ಲಿ ದಾರಿ ಬಿಡಿಸುವುದೇ ನುರಿತ ಕೈಗೂ ಕಷ್ಟದ ಕೆಲಸ.

ಹಾಗಾಗಿ ನಿಮ್ಮ ಮನೆಯ ಹಿರಿಯರಿಗೆ ಸ್ಕ್ರೂ ಹಾಕಬೇಕೆಂದರೆ ಡಾಕ್ಟರನ್ನು ಕೇಳಿ: ನಿಂತು ಮುಂದೆ ಬಾಗಿಸಿ, ಹಿಂದೆ ಬಾಗಿಸಿ ತೆಗೆದ ಎಕ್ಸ್-ರೇಯಲ್ಲಿ ಮಣಿ ಜಾರುವುದು ಕಂಡಿದೆಯೇ? ಜೊತೆಗೆ ಮನೆಯಲ್ಲಿ ಇಷ್ಟು ವರ್ಷ ಯಾವ ನೀರು ಕುಡಿದಿದ್ದಾರೆ ಎಂಬುದನ್ನೂ ಅವರಿಗೆ ಹೇಳಿ.