ಉಯಿಲಿಗೆ ಹನ್ನೆರಡು ತಿಂಗಳ ಗಡುವು



ದತ್ತಿಯಿಟ್ಟವರ ನೆನಪಿನಲ್ಲಿ ಸುಗಟೂರಿನಲ್ಲಿ ಸೇರಿದ್ದೇವೆ. ಹಾಗಾಗಿ ದತ್ತಿ ಕೊಡುವುದಕ್ಕೇ ಅಡ್ಡಗಾಲು ಹಾಕಿದ್ದ ಒಂದು ಕಾನೂನಿನ ಬಗ್ಗೆ ಮಾತಾಡೋಣ ಎಂದುಕೊಂಡೆ. ನಮ್ಮ ಸೀಮೆಗೆ ದಾನ ಹೊಸದಲ್ಲ. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಶಾಸನಸಂಗ್ರಹದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳದ್ದು. ಅದರ ತುಂಬ ದೇವರಿಗೆ, ಕೆರೆಗೆ ಬಿಟ್ಟ ಗದ್ದೆ ಬೆದ್ದಲು. ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ಶಾಪ. ಕೊಡುವವನ ಕೈ ಕಟ್ಟುವ ಕಾನೂನು ಬಂದದ್ದು ಇಂಗ್ಲೆಂಡಿನಿಂದ.

ಅಲ್ಲಿನ ದೊರೆ ಎಂಟನೆಯ ಹೆನ್ರಿ 1534ರಲ್ಲಿ ರೋಮಿನ ಪೋಪರ ಸಂಬಂಧ ಕಡಿದುಕೊಂಡ. ಆಮೇಲೆ ಪೋಪರನ್ನೇ ನಂಬಿ ಉಳಿದ ಕ್ಯಾಥೊಲಿಕರ ಪಾಡು ಕಾನೂನಿನ ಕೈಗೆ ಬಿತ್ತು. ಇಂಗ್ಲೆಂಡಿನ ಹಿಡಿತದಲ್ಲಿದ್ದ ಐರ್ಲೆಂಡಿನ 1704ರ ಕಾಯಿದೆಯನ್ನೇ ನೋಡಿ. ಕ್ಯಾಥೊಲಿಕ್ ಹಿಡುವಳಿದಾರ ತೀರಿಕೊಂಡರೆ ಜಮೀನು ಗಂಡುಮಕ್ಕಳಿಗೆಲ್ಲ ಪಾಲಾಗಬೇಕು; ಹಿರಿಮಗ ಪ್ರಾಟೆಸ್ಟೆಂಟ್ ಆದನೋ, ಅಷ್ಟೂ ಅವನದೇ. ಪಾಲಾಗುತ್ತ ಹೋದ ಹೊಲ ಮೂರನೆಯ ತಲೆಮಾರಿಗೆ ಎಷ್ಟು ಉಳಿಯುತ್ತದೆಂದು ರಾಗಿ ಬೆಳೆಯುವ ನಿಮಗೆ ನಾನು ಹೇಳಬೇಕಿಲ್ಲ. ಕತ್ತಿ ಹಿರಿಯದೆ, ಪಹಣಿಯಲ್ಲೇ ಧರ್ಮ ಬದಲಿಸುವ ಉಪಾಯ ಅದು!

1736ರಲ್ಲಿ ಇಂಗ್ಲೆಂಡ್ ಇನ್ನೊಂದು ಕಾಯಿದೆ ಮಾಡಿತು. ಧರ್ಮಕಾರ್ಯಕ್ಕೆ ಭೂಮಿ ಕೊಡುವವನು ಸಾಯುವುದಕ್ಕೆ ಹನ್ನೆರಡು ತಿಂಗಳ ಮೊದಲೇ ಪತ್ರ ಮಾಡಿರಬೇಕು, ಆರು ತಿಂಗಳೊಳಗೆ ಅದು ಕೋರ್ಟಿನಲ್ಲಿ ದಾಖಲಾಗಬೇಕು. ಇದು ಕ್ಯಾಥೊಲಿಕರಿಗಷ್ಟೇ ಹಾಕಿದ ಬೇಲಿಯಲ್ಲ, ಎಲ್ಲ ಪಂಗಡಕ್ಕೂ ಇತ್ತು. ಆದರೆ ಸಾಯುವವನ ಮಂಚದ ಪಕ್ಕ ಪಾದ್ರಿ ಕೂತು ಆಸ್ತಿ ಬರೆಸಿಕೊಳ್ಳುತ್ತಾನೆಂಬ ಹಳೆಯ ಗುಮಾನಿ ಅದರ ಹಿಂದಿತ್ತು. ಸತ್ತವರ ಆತ್ಮಕ್ಕೆ ಪೂಜೆ ಮಾಡಿಸಲು ಕ್ಯಾಥೊಲಿಕರು ಉಯಿಲಿನಲ್ಲಿಟ್ಟ ಹಣವೂ ಇಂಗ್ಲೆಂಡಿನಲ್ಲಿ ಮೂಢಾಚಾರವೆನಿಸಿ ಅಸಿಂಧುವಾಗುತ್ತಿತ್ತು. ಅದು ಸಿಂಧುವೆಂದು ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು 1919ರಲ್ಲಿ.

ಆ ಹನ್ನೆರಡು ತಿಂಗಳು, ಆರು ತಿಂಗಳು ಹಡಗು ಹತ್ತಿ ನಮ್ಮಲ್ಲಿಗೂ ಬಂದವು. 1865ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ ನುಸುಳಿ, 1925ರ ಕಾಯಿದೆಯಲ್ಲಿ 118ನೆಯ ಕಲಮಾದವು. ಅಣ್ಣತಮ್ಮಂದಿರ ಅಥವಾ ಅಕ್ಕತಂಗಿಯರ ಮಗನೋ ಮಗಳೋ, ಅಥವಾ ಅವರಿಗಿಂತ ಹತ್ತಿರದ ರಕ್ತಸಂಬಂಧಿಯೋ ಇದ್ದರೆ ಧರ್ಮಕ್ಕೆ ಆಸ್ತಿ ಬರೆಯುವ ಉಯಿಲು ಸಾವಿಗೆ ವರ್ಷ ಮೊದಲೇ ಆಗಿರಬೇಕಿತ್ತು. ಬರೆದ ಆರು ತಿಂಗಳೊಳಗೆ ರಿಜಿಸ್ಟ್ರಾರರಲ್ಲಿ ಠೇವಣಿಯಾಗಬೇಕಿತ್ತು. ಆಸ್ಪತ್ರೆ, ಅನಾಥಾಲಯ, ಶಾಲೆ ಎಲ್ಲಕ್ಕೂ ಇದೇ ಕಟ್ಟು ಇತ್ತು. ಯಾವತ್ತು ಸಾಯುತ್ತೇನೆಂದು ಯಾರಿಗೆ ಗೊತ್ತು, ಸ್ವಾಮಿ?

ಹಿಂದೂ, ಬೌದ್ಧ, ಸಿಖ್, ಜೈನರಿಗೆ ಈ ಕಲಮು ಹತ್ತುತ್ತಿರಲಿಲ್ಲ. ಮುಸ್ಲಿಮರಿಗೆ ಅವರದೇ ನಿಯಮ. ಪಾರ್ಸಿಗಳನ್ನು 1991ರ ತಿದ್ದುಪಡಿ ಬಿಡಿಸಿತು. ಕೊನೆಗೆ ಇದರಡಿ ಸಿಕ್ಕಿಕೊಂಡು ಉಳಿದವರು ಹೆಚ್ಚುಕಡಿಮೆ ಕ್ರೈಸ್ತರೇ. ತಮಾಷೆಯೆಂದರೆ, ಮೂಲ ಮನೆಯಾದ ಇಂಗ್ಲೆಂಡು 1960ರಲ್ಲೇ ಆ ಹಳೇ ನಿರ್ಬಂಧವನ್ನು ಕಿತ್ತುಹಾಕಿತ್ತು. ನಮ್ಮಲ್ಲಿ ಸಂವಿಧಾನ ಬಂದ ಮೇಲೂ ಅರ್ಧ ಶತಮಾನ ಅದು ಉಸಿರಾಡಿತು. ಮಾಡಿದವರ ಜಗಳ ಮುಗಿದಿದ್ದರೂ ಕಾನೂನಿಗೆ ಅದು ತಿಳಿಯುವುದಿಲ್ಲ. ಯಾರಾದರೂ ಕೋರ್ಟಿಗೆ ಹೋಗಿ ಹೇಳಬೇಕು.

ಹೋದವರು ಕೇರಳದ ಕ್ಯಾಥೊಲಿಕ್ ಪಾದ್ರಿ ಜಾನ್ ವಲ್ಲಮಟ್ಟಂ. 2003ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ವಿ.ಎನ್. ಖರೆ ಅವರ ಪೀಠ 118ನೆಯ ಕಲಮನ್ನು ಸಂವಿಧಾನದ 14ನೆಯ ವಿಧಿಯ ಸಮಾನತೆಗೆ ವಿರುದ್ಧವೆಂದು ರದ್ದು ಮಾಡಿತು. ಅದೇ ತೀರ್ಪಿನಲ್ಲಿ ಸಮಾನ ನಾಗರಿಕ ಸಂಹಿತೆಯ ಬಗ್ಗೆ ಒಂದೆರಡು ಮಾತು ಬಂದಿದ್ದವು. ಜನ ಅದನ್ನೇ ಹಿಡಿದು ವಾದಕ್ಕಿಳಿದರು. ಉಯಿಲಿನ ಸಂಗತಿ ಹಿಂದೆ ಬಿತ್ತು.

ಸಾಯುವವರನ್ನು ಹೆದರಿಸಿ ಬರೆಸಿಕೊಳ್ಳುವವರು ಇಲ್ಲವೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಮದ್ದು 1925ರ ಅದೇ ಕಾಯಿದೆಯಲ್ಲಿ ಮೊದಲಿಂದಲೂ ಇತ್ತು: ಮೋಸದಿಂದಲೋ ಬಲವಂತದಿಂದಲೋ ಮಾಡಿಸಿದ ಉಯಿಲು ಅಸಿಂಧು ಎನ್ನುವ 61ನೆಯ ಕಲಮು. ಅದು ಹಿಂದೂಗಳಿಗೂ ಅನ್ವಯಿಸುತ್ತದೆ, ಕ್ರೈಸ್ತರಿಗೂ ಅನ್ವಯಿಸುತ್ತದೆ.