ಪ್ರೇಮವಿವಾಹ: ಹಕ್ಕು ಮತ್ತು ಹೊಣೆ

ಮುಂಬಯಿಯ ಕಾಲೇಜು, ಕಚೇರಿ, ಲೋಕಲ್ ರೈಲುಗಳಲ್ಲಿ ಯುವಜನರು ಜಾತಿ ಕೇಳಿ ಸ್ನೇಹ ಬೆಳೆಸುವುದಿಲ್ಲ. ಪ್ರೇಮ ಅಪರಾಧವಲ್ಲ, ಅದನ್ನು ಬಚ್ಚಿಡುವುದರಲ್ಲಿ ಅಪಾಯವಿದೆ.

1954ರ ವಿಶೇಷ ವಿವಾಹ ಕಾಯಿದೆಯಡಿ ಮದುವೆಯಾಗುವವರು, ನೋಟಿಸು ಪ್ರಕಟವಾದ ಮೇಲೆ 30 ದಿನ ಕಾಯಬೇಕು. ಅವಿಭಕ್ತ ಕುಟುಂಬದ ಜೈನ ಸದಸ್ಯರು ಈ ಕಾಯಿದೆಯಡಿ ಮುಸ್ಲಿಂ, ಕ್ರೈಸ್ತ ಅಥವಾ ಪಾರ್ಸಿ ಸಂಗಾತಿಯನ್ನು ವರಿಸಿದರೆ, 19ನೆಯ ಕಲಮಿನಂತೆ ಆ ಕುಟುಂಬದಿಂದ ಬೇರ್ಪಟ್ಟಂತಾಗುತ್ತದೆ. ಹಾಗೆಂದು ಅದುವರೆಗಿನ ಪಾಲು ಮುಳುಗುವುದಿಲ್ಲ. ಸಂಗಾತಿ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ, 1976ರಲ್ಲಿ ಸೇರಿಸಿದ 21ಎ ಕಲಮಿನಂತೆ ಈ ಬೇರ್ಪಡೆಯೇ ಇಲ್ಲ. ಇದನ್ನರಿಯದ ಮಗ ದುಡುಕುತ್ತಾನೆ. ಅರೆಬರೆ ಅರಿತ ತಂದೆ “ಆಸ್ತಿಯಲ್ಲಿ ಕವಡೆ ಕಾಸೂ ಇಲ್ಲ” ಎಂದು ಬೆದರಿಸುತ್ತಾನೆ.

ಶ್ರಾವಕರ ಅಣುವ್ರತಗಳಲ್ಲಿ ಸ್ವದಾರಸಂತೋಷ ನಾಲ್ಕನೆಯದು. ಅಹಿಂಸೆ, ಸತ್ಯಗಳು ಅದಕ್ಕೂ ಮೊದಲಿನವು. ಮದುವೆಯ ಮನಸ್ಸಿಲ್ಲದೆ ಮಾತು ಕೊಡದಿರುವುದು, ನೋಟಿಸಿಗೆ ಮುನ್ನವೇ ಮನೆಯವರಿಗೆ ತಿಳಿಸುವುದು ಪ್ರೇಮಿಗಳ ಸತ್ಯವ್ರತ. ಬಾಗಿಲು ಮುಚ್ಚದಿರುವುದು, ಆಸ್ತಿಯನ್ನು ಆಯುಧವಾಗಿಸದಿರುವುದು ಹಿರಿಯರ ಅಹಿಂಸಾವ್ರತ. ಕಾನೂನು ಕಾಯಿಸುವ ಆ 30 ದಿನಗಳು ಬಸದಿಯ ಜಗಲಿಯ ಪಿಸುಮಾತಿಗೆ ವಸ್ತುವಾಗದಿರಲಿ. ಮನೆಯೊಳಗಿನ ಮಾತುಕತೆಗೆ ಸಲ್ಲಲಿ.