ನಿಸ್ತಂತು ಸಂಪರ್ಕ ಮತ್ತು ಮಾಲೀಕನ ಅನುಮತಿ



2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿಯುವ ಕೆಲವೇ ನಿಮಿಷಗಳ ಮುನ್ನ ಸುದ್ದಿಸಂಸ್ಥೆಗಳಿಗೆ ಇ-ಮೇಲ್ ಒಂದು ತಲುಪಿತು. ಅದರ ಜಾಡು ಹಿಡಿದ ಪೊಲೀಸರು ಹೋಗಿ ನಿಂತದ್ದು ನವಿ ಮುಂಬಯಿಯಲ್ಲಿ ನೆಲೆಸಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಬಾಗಿಲಲ್ಲಿ. ಅವರ ಮನೆಯ ವೈ-ಫೈಗೆ ರಕ್ಷಣೆಯಿರಲಿಲ್ಲ. ಅನ್ಯರು ಅದನ್ನು ಬಳಸಿಕೊಂಡಿದ್ದರು.

ಪಾಸ್‌ವರ್ಡ್ ಇಲ್ಲದ ಸಂಪರ್ಕವನ್ನು ಬಳಸಿದರೆ ತಪ್ಪೇನೆಂದು ಕೇಳುವವರುಂಟು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 43ನೆಯ ಪ್ರಕರಣವು ಬೀಗವಿತ್ತೇ ಎಂದು ಕೇಳುವುದಿಲ್ಲ. ಮಾಲೀಕನ ಅಥವಾ ಉಸ್ತುವಾರಿ ಹೊತ್ತವನ ಅನುಮತಿಯಿತ್ತೇ ಎಂದು ಕೇಳುತ್ತದೆ. ಇಲ್ಲವಾದಲ್ಲಿ ಬಾಧಿತನಿಗೆ ನಷ್ಟಪರಿಹಾರ ತೆರಬೇಕು. ಅದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ಕಪಟದಿಂದ ಎಸಗಿದರೆ 66ನೆಯ ಪ್ರಕರಣದ ಮೇರೆಗೆ 3 ವರ್ಷಗಳವರೆಗಿನ ಕಾರಾವಾಸ, 5 ಲಕ್ಷ ರೂಪಾಯಿಗಳವರೆಗಿನ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು. ನೆರೆಮನೆಯವರನ್ನು ಕೇಳಿ ಬಳಸುವುದಕ್ಕೆ ಈ ಪ್ರಕರಣಗಳ ಅಡ್ಡಿಯಿಲ್ಲ.